ನಾಯಿ ಸತ್ತರೆ ಯಾವ ಸೆಕ್ಷನ್? ಪ್ರಾಣಿ ಕಾನೂನಿಗೆ ಇಳಿಯುವ ಲಾ ವಿದ್ಯಾರ್ಥಿಗಳಿಗೆ

2020ರ ಏಪ್ರಿಲ್. ಲಾಕ್‌ಡೌನ್ ನಡೆಯುತ್ತಿತ್ತು. ಮುಂಬೈನಲ್ಲಿ ಊಟದ ಪಾರ್ಸೆಲ್ ತಲುಪಿಸಲು ಬೈಕಿನಲ್ಲಿ ಹೊರಟಿದ್ದ ಹುಡುಗನೊಬ್ಬನಿಗೆ ಬೀದಿನಾಯಿ ಅಡ್ಡ ಬಂತು. ಡಿಕ್ಕಿಯಾಗಿ ನಾಯಿ ಸತ್ತಿತು. ನಾಯಿಗಳಿಗೆ ಊಟ ಹಾಕುವವರೊಬ್ಬರು ಠಾಣೆಗೆ ಹೋಗಿ ದೂರು ಕೊಟ್ಟರು. ಪೊಲೀಸರು ಎಫ್‌ಐಆರ್ ಹಾಕಿದರು, ಆಮೇಲೆ ಚಾರ್ಜ್‌ಶೀಟನ್ನೂ ಸಲ್ಲಿಸಿದರು. ಆಗ ಜಾರಿಯಲ್ಲಿದ್ದ ಐಪಿಸಿಯ 279, 337, 429ನೇ ಸೆಕ್ಷನ್‌ಗಳು ಅದರಲ್ಲಿದ್ದವು. 2022ರ ಕೊನೆಗೆ ಬಾಂಬೆ ಹೈಕೋರ್ಟ್ ಆ ಕೇಸನ್ನೇ ರದ್ದು ಮಾಡಿತು. ಹುಡುಗನಿಗೆ 20,000 ರೂಪಾಯಿ ಕೊಡಿ, ಆ ಹಣವನ್ನು ಕೇಸು ಹಾಕಿದ ಅಧಿಕಾರಿಗಳ ಸಂಬಳದಿಂದ ವಸೂಲು ಮಾಡಿ ಎಂದು ಸರ್ಕಾರಕ್ಕೆ ಹೇಳಿತು.

ಯಾಕೆ ಹೀಗಾಯಿತು? 279 ಇರುವುದು ಮನುಷ್ಯರ ಜೀವಕ್ಕೆ ಅಪಾಯ ಆಗುವಂತೆ ವಾಹನ ಓಡಿಸಿದವರಿಗೆ. 337 ಕೂಡ ಮನುಷ್ಯರಿಗೆ ಪೆಟ್ಟಾದಾಗ ಹಾಕುವ ಸೆಕ್ಷನ್. ಸಾಕಿದವರಿಗೆ ನಾಯಿ ಮಗುವಿನ ಹಾಗೆಯೇ ಇರಬಹುದು, ಆದರೆ ಈ ಸೆಕ್ಷನ್‌ಗಳ ಮಟ್ಟಿಗೆ ಅದು ಮನುಷ್ಯ ಅಲ್ಲ ಎಂದಿತು ಕೋರ್ಟ್. ಇನ್ನು ಪ್ರಾಣಿಯನ್ನು ಕೊಂದದ್ದಕ್ಕೆ ಹಾಕುವ 429 ನಿಲ್ಲಬೇಕಾದರೆ ಬೇಕೆಂದೇ ಹಾನಿ ಮಾಡಿದ್ದು ಕಾಣಬೇಕು. ಅಪಘಾತದಲ್ಲಿ ಅದೆಲ್ಲಿಂದ ಬರುತ್ತದೆ?

ತೀರ್ಪು ಸರಿಯಾಗಿಯೇ ಇದೆ ಅಂತ ನನಗನ್ನಿಸುತ್ತದೆ. ಪ್ರಾಣಿಗಳ ಪರ ಕೆಲಸ ಮಾಡಬೇಕು ಅಂತ ಬರುವ ಪ್ರತಿ ಲಾ ವಿದ್ಯಾರ್ಥಿಗೂ ಮೊದಲು ಇದನ್ನೇ ಓದಲು ಹೇಳುತ್ತೇನೆ. ದೂರು ಕೊಟ್ಟವರ ಕಾಳಜಿ ನಿಜವೇ. ಆದರೆ ಕಾಳಜಿ ಎಷ್ಟೇ ಇದ್ದರೂ ಸೆಕ್ಷನ್ ತಪ್ಪಿದರೆ ಕೇಸು ಬಿದ್ದುಹೋಗುತ್ತದೆ. ಜೊತೆಗೆ ಪಾಪದ ಹುಡುಗನೊಬ್ಬ ಎರಡೂವರೆ ವರ್ಷ ಕೋರ್ಟು ಅಲೆಯುತ್ತಾನೆ.

ಮುಂಬೈ, ಪುಣೆ, ಗೋವಾದಲ್ಲಿ ಲಾ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರು ಈಗ ಜಾಸ್ತಿ ಇದ್ದಾರೆ. ಮಾಟುಂಗಾದಲ್ಲೇ ಹುಟ್ಟಿ ಬೆಳೆದವರಿದ್ದಾರೆ, ಹುಬ್ಬಳ್ಳಿಯಿಂದ ಪುಣೆಗೆ ಬಂದವರಿದ್ದಾರೆ, ವಾಸ್ಕೋದ ಕನ್ನಡ ಮನೆಗಳ ಮಕ್ಕಳೂ ಇದ್ದಾರೆ. ಅವರಲ್ಲಿ ಕೆಲವರು ನನ್ನಂಥ ವಕೀಲರನ್ನು ಕೇಳುವುದು ಒಂದೇ: ಸರ್, ಪ್ರಾಣಿಗಳಿಗಾಗಿ ಏನಾದರೂ ಮಾಡಬೇಕು, ಎಲ್ಲಿಂದ ಶುರು ಮಾಡೋದು? ದೂರಿನ ಕಾಗದದಿಂದ ಶುರು ಮಾಡಿ ಅನ್ನುತ್ತೇನೆ. ನಮ್ಮಲ್ಲಿ ಪ್ರಾಣಿಗಳ ಪರ ಕಾನೂನು ಇಲ್ಲ ಅಂತಲ್ಲ. ಬೀದಿಯಲ್ಲಿ ನಡೆದದ್ದು ಕೋರ್ಟಿನ ತನಕ ಸರಿಯಾಗಿ ತಲುಪುವುದಿಲ್ಲ, ಕೇಸುಗಳು ಸಾಯುವುದು ಆ ದಾರಿಯಲ್ಲೇ. ಅದನ್ನು ಸರಿ ಮಾಡುವ ಓದೂ ಪುರುಸೊತ್ತೂ ಒಟ್ಟಿಗೆ ಇರುವುದು ವಿದ್ಯಾರ್ಥಿಗಳಿಗೇ.

ಮೊದಲು ಕಾನೂನು ಏನಿದೆ ನೋಡೋಣ. ಮುಖ್ಯವಾದದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದು ಇದಕ್ಕೆ ದಾರಿ ಮಾಡಿದರು. ಇದರ ಅಡಿಯಲ್ಲಿ 1962ರಲ್ಲಿ ಶುರುವಾದ ಪ್ರಾಣಿ ಕಲ್ಯಾಣ ಮಂಡಳಿಗೆ ಮೊದಲ ಅಧ್ಯಕ್ಷೆ ಆದವರೂ ಅವರೇ. ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಹಿಂಸೆಯ ಪಟ್ಟಿ ಇದೆ. ಹೊಡೆಯುವುದು, ತಾಕತ್ತಿಗೆ ಮೀರಿ ದುಡಿಸುವುದು, ತಿರುಗಾಡಲೂ ಆಗದ ಪಂಜರದಲ್ಲಿ ಇಡುವುದು, ಉಪವಾಸ ಕೆಡವುವುದು, ಸಾಕಿದ್ದನ್ನು ಬೀದಿಗೆ ಬಿಡುವುದು, ಹೀಗೆ. ಪಟ್ಟಿ ಚೆನ್ನಾಗಿದೆ. ಶಿಕ್ಷೆ ನೋಡಿ: ಮೊದಲ ಸಲ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. 1960ರಲ್ಲಿ 50 ರೂಪಾಯಿಗೆ ಬೆಲೆ ಇತ್ತು. ಇವತ್ತು ಅದು ದಾದರಿನ ಹೋಟೆಲಿನಲ್ಲಿ ಒಂದು ಪ್ಲೇಟ್ ಇಡ್ಲಿಗೂ ಸಾಕಾಗದು. ದಂಡ ಹೆಚ್ಚಿಸಿ, ಕ್ರೂರ ಹಿಂಸೆಗೆ ಜೈಲು ಶಿಕ್ಷೆ ಇಡುವ ಕರಡು ಮಸೂದೆಯನ್ನು ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಜನರ ಮುಂದಿಟ್ಟು ಅಭಿಪ್ರಾಯ ಕೇಳಿತು. ಅದು ಕಾನೂನಾಗಲಿಲ್ಲ. ಹಾಗಾಗಿ ಈ ಶಿಕ್ಷೆ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಅದಕ್ಕೇ ಗಂಭೀರ ಪ್ರಕರಣಗಳಲ್ಲಿ ಇನ್ನೊಂದು ಸೆಕ್ಷನ್ ಬೇಕಾಗುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325. ಯಾವುದೇ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಹಳೆಯ ಐಪಿಸಿಯಲ್ಲಿ ಪ್ರಾಣಿಗೆ ಬೆಲೆ ಕಟ್ಟಬೇಕಿತ್ತು. 10 ರೂಪಾಯಿ ಬೆಲೆಯದ್ದಾದರೆ ಒಂದು ಸೆಕ್ಷನ್, 50 ರೂಪಾಯಿ ಮೀರಿದರೆ ಇನ್ನೊಂದು. ಆ ಲೆಕ್ಕ ಈಗ ಹೋಗಿದೆ. ಆದರೆ ಒಂದು ತೊಡಕು ಹಾಗೇ ಉಳಿದಿದೆ. ಈ ಸೆಕ್ಷನ್ ನಿಂತಿರುವುದು ಕಿಡಿಗೇಡಿ ನಷ್ಟದ ಮೇಲೆ, ಅಂದರೆ ಯಾರದ್ದಾದರೂ ಸ್ವತ್ತಿಗೆ ಬೇಕೆಂದೇ ಅಥವಾ ಗೊತ್ತಿದ್ದೂ ಹಾನಿ ಮಾಡಿದ್ದರ ಮೇಲೆ. ಬೀದಿನಾಯಿ ಯಾರ ಸ್ವತ್ತು? ಆರೋಪಿಯ ವಕೀಲರು ಎದ್ದು ನಿಂತು ಇದನ್ನು ಕೇಳಬಹುದು. ಕಾನೂನಿನಲ್ಲಿ ಸಾರ್ವಜನಿಕರಿಗೆ ಆಗುವ ನಷ್ಟವೂ ಸೇರಿದೆ ಎಂದು ವಾದಿಸಲು ಜಾಗ ಇದೆ. ಕಾಲೇಜಿನಲ್ಲಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇದನ್ನು ತೆಗೆದುಕೊಳ್ಳಿ, ಕೋರ್ಟಿನಲ್ಲಿ ನಾಳೆಯೇ ಉಪಯೋಗಕ್ಕೆ ಬರುತ್ತದೆ. ಹೊಸ ಸಂಹಿತೆಯಲ್ಲಿ ಇನ್ನೊಂದು ಕೊರತೆ ಇದೆ, ಅದು ನನಗೆ ನಿಜಕ್ಕೂ ನೋವಿನ ಸಂಗತಿ. ಪ್ರಾಣಿಗಳ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಹಳೆಯ 377ನೇ ಸೆಕ್ಷನ್ ಬಳಸುತ್ತಿದ್ದೆವು. ಹೊಸದರಲ್ಲಿ ಅದಕ್ಕೆ ಬದಲಿ ಏನೂ ಇಲ್ಲ.

ಈಗ ಠಾಣೆಯ ವಿಷಯ. ಮುಂಬೈನಲ್ಲಿ ಪ್ರಾಣಿ ಹಿಂಸೆಯ ದೂರು ಕೊಂಡೊಯ್ದರೆ ಜಾಸ್ತಿ ಕೇಳುವ ಮಾತು, "ಎನ್‌ಸಿ ಮಾಡಿಕೊಡ್ತೀವಿ". ನಾನ್-ಕಾಗ್ನಿಸಬಲ್, ಅಂದರೆ ಡೈರಿಯಲ್ಲಿ ಒಂದು ನಮೂದು ಅಷ್ಟೇ, ಮ್ಯಾಜಿಸ್ಟ್ರೇಟ್ ಹೇಳದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಪೊಲೀಸರದ್ದು ಪೂರ್ತಿ ತಪ್ಪು ಅನ್ನಲಾಗದು. 1960ರ ಕಾಯ್ದೆಯ ಬಹುತೇಕ ಅಪರಾಧಗಳು ಆ ಗುಂಪಿಗೇ ಸೇರುತ್ತವೆ. ಆದರೆ ಎಲ್ಲವೂ ಅಲ್ಲ. 11(1)ರ ಎಲ್, ಎನ್, ಓ ಉಪಖಂಡಗಳಿಗೆ ಪೊಲೀಸರು ನೇರವಾಗಿ ಕೈ ಹಾಕಬಹುದು. ಪ್ರಾಣಿಯನ್ನು ಕ್ರೂರವಾಗಿ ಕೊಲ್ಲುವುದು, ಅಂಗ ಊನ ಮಾಡುವುದು 'ಎಲ್'ನಲ್ಲಿ ಬರುತ್ತದೆ. ಪ್ರಾಣಿ ಕಾಳಗದ ಜಾಗ ನಡೆಸುವುದು 'ಎನ್'ನಲ್ಲಿ. ಸಂಹಿತೆಯ 325ಕ್ಕೂ ನೇರ ಎಫ್‌ಐಆರ್ ಆಗಬೇಕು. ದೂರಿನಲ್ಲಿ "ನಾಯಿಗೆ ಹಿಂಸೆ ಕೊಟ್ಟಿದ್ದಾರೆ, ದಯವಿಟ್ಟು ಕ್ರಮ ತೆಗೆದುಕೊಳ್ಳಿ" ಅಂತ ಮಾತ್ರ ಬರೆದರೆ ಎನ್‌ಸಿ ಆಗುತ್ತದೆ. ಏನು ಮಾಡಿದರು, ಅದು ಯಾವ ಉಪಖಂಡ ಎಂದು ಬರೆದರೆ ಠಾಣೆಯವರಿಗೂ ಬೇರೆ ದಾರಿ ಇರುವುದಿಲ್ಲ. ಆಗಲೂ ಎಫ್‌ಐಆರ್ ಆಗದಿದ್ದರೆ ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173(4)ರ ಪ್ರಕಾರ ಎಸ್‌ಪಿಗೆ, ನಗರಗಳಲ್ಲಾದರೆ ಡಿಸಿಪಿಗೆ ಬರೆದು ಕಳಿಸಬೇಕು. ಅದೂ ಆಗದಿದ್ದರೆ 175(3)ರ ಅಡಿ ಮ್ಯಾಜಿಸ್ಟ್ರೇಟ್ ಹತ್ತಿರ. ಈ ಮೆಟ್ಟಿಲುಗಳನ್ನು ಹಾರಿ ಸೀದಾ ಹೈಕೋರ್ಟಿಗೆ ಓಡಿದರೆ ಅಲ್ಲಿಂದ ವಾಪಸ್ ಕಳಿಸುತ್ತಾರೆ.

ಒಂದು ಪ್ರಕರಣವನ್ನು ಹತ್ತಿರದಿಂದ ನೋಡೋಣ. ಪುಣೆಯ ಹೊರವಲಯದ ಒಂದು ಹೌಸಿಂಗ್ ಸೊಸೈಟಿ. ಬೆಳಗ್ಗೆ ಗೇಟಿನ ಹತ್ತಿರ ನಾಯಿಗಳು ಬಾಯಲ್ಲಿ ನೊರೆ ಬಂದು ಸತ್ತು ಬಿದ್ದಿದ್ದವು. ಊಟ ಹಾಕುವ ಹೆಂಗಸರು ಅಳುತ್ತಿದ್ದರು. ಕಮಿಟಿಯವರು ಪಾಲಿಕೆಯ ಗಾಡಿ ಕರೆಸಿ ಬೇಗ ಸಾಗಿಸಿ ಅನ್ನುತ್ತಿದ್ದರು. ಅಲ್ಲೇ ಪೇಯಿಂಗ್ ಗೆಸ್ಟ್ ಆಗಿದ್ದ ಧಾರವಾಡದ ಲಾ ವಿದ್ಯಾರ್ಥಿನಿ ಮೊದಲು ಆ ಗಾಡಿಯನ್ನು ನಿಲ್ಲಿಸಿದಳು. ಹೆಣ ಸುಟ್ಟುಹೋದರೆ ವಿಷ ಹಾಕಿದ್ದಕ್ಕೆ ಪುರಾವೆಯೇ ಇರುವುದಿಲ್ಲ. ಪೋಸ್ಟ್‌ಮಾರ್ಟಂ ಆಗಬೇಕು, ಹೊಟ್ಟೆಯಲ್ಲಿ ಇದ್ದದ್ದು ಫೊರೆನ್ಸಿಕ್ ಲ್ಯಾಬಿಗೆ ಹೋಗಬೇಕು, ಅದಕ್ಕೆ ಪೊಲೀಸರ ಪತ್ರ ಬೇಕು. ಪೊಲೀಸರು ಬಂದು ಪಂಚನಾಮೆ, ಅಂದರೆ ಸ್ಥಳದ ಮಹಜರು, ಮಾಡುವ ತನಕ ಅವಳು ಅಲ್ಲೇ ನಿಂತಳು. ಅನ್ನ ಕಟ್ಟಿ ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ಮುಟ್ಟದೆ ಫೋಟೋ ತೆಗೆದು, ಅದೂ ಪಂಚನಾಮೆಯಲ್ಲಿ ಸೇರುವ ಹಾಗೆ ನೋಡಿಕೊಂಡಳು.

ರಾತ್ರಿ ಪಾಳಿಯ ವಾಚ್‌ಮನ್ ಸಿಂದಗಿ ಕಡೆಯವನು. ಹಿಂದಿಯಲ್ಲಿ ಕೇಳಿದವರಿಗೆಲ್ಲ "ಮಾಲೂಮ್ ನಹೀ" ಅಂದಿದ್ದ. ಇವಳು ಕನ್ನಡದಲ್ಲಿ ಊರು ಕೇಳಿದಳು, ಮನೆ ಕಡೆ ಮಳೆ ಹೆಂಗೈತಿ ಅಂದಳು, ಆಮೇಲೆ ಪಾಳಿ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಕೇಳಿದಳು. ಅವನು ನಿಧಾನಕ್ಕೆ ಹೇಳಿದ. ಎರಡೂವರೆ ಸುಮಾರಿಗೆ ಒಬ್ಬರು ಚೀಲ ಇಟ್ಟು ಹೋದದ್ದನ್ನು ನೋಡಿದ್ದ. ಹೆಸರು ಹೇಳಿದರೆ ಕೆಲಸ ಹೋಗುತ್ತದೆ ಅಂತ ಹೆದರಿದ್ದ, ಅಷ್ಟೇ. ಅವಳು ಅವನ ಬಾಯಲ್ಲಿ ಹೆಸರು ಹಾಕಲಿಲ್ಲ. ಸಾಕ್ಷಿಯ ಹೇಳಿಕೆ ಬರೆದುಕೊಳ್ಳುವುದು ತನಿಖಾಧಿಕಾರಿಯ ಕೆಲಸ, ನಮ್ಮದಲ್ಲ. ಕನ್ನಡ ಬಲ್ಲವರ ಸಹಾಯ ತೆಗೆದುಕೊಂಡು ಇವನ ಹೇಳಿಕೆ ಪಡೆಯಿರಿ ಎಂದು ಅಧಿಕಾರಿಗೆ ಲಿಖಿತವಾಗಿ ಕೇಳಿದಳು. ಮುಂದೆ ಅವನು ಹೆದರಿ ಮಾತು ಬದಲಿಸಬಾರದು ಎಂದಿದ್ದರೆ ಮ್ಯಾಜಿಸ್ಟ್ರೇಟ್ ಎದುರು ಕೊಡುವ, ಸುರಕ್ಷಾ ಸಂಹಿತೆಯ 183ನೇ ಸೆಕ್ಷನ್ ಹೇಳಿಕೆಗೆ ಅರ್ಜಿ ಹಾಕಿ ಎಂದು ಅದರಲ್ಲೇ ಸೇರಿಸಿದಳು. ಈ ಊರುಗಳಲ್ಲಿ ಕಟ್ಟಡ ಕೆಲಸದವರು, ವಾಚ್‌ಮನ್‌ಗಳು, ಹೋಟೆಲ್ ಹುಡುಗರು ಎಷ್ಟೋ ಜನ ಕನ್ನಡದವರೇ. ಬೀದಿಯಲ್ಲಿ ಏನು ನಡೆಯುತ್ತದೆ ಅಂತ ನೋಡುವವರೂ ಅವರೇ. ಕನ್ನಡ ಬಲ್ಲ ಲಾ ವಿದ್ಯಾರ್ಥಿ ಇಲ್ಲಿ ಮಾಡಬಹುದಾದ ಕೆಲಸವನ್ನು ಬೇರೆ ಯಾರೂ ಮಾಡಲಾರರು. ಹಾಗೇ ಮರಾಠಿ ಓದಲೂ ಕಲಿಯಬೇಕು, ಮಹಾರಾಷ್ಟ್ರದಲ್ಲಿ ಎಫ್‌ಐಆರ್, ಪಂಚನಾಮೆ ಇರುವುದು ಮರಾಠಿಯಲ್ಲೇ.

ವಿಡಿಯೋ ಬಗ್ಗೆ ಒಂದು ಮಾತು. ವಾಟ್ಸಾಪ್‌ನಲ್ಲಿ ಹತ್ತು ಜನರ ಕೈ ದಾಟಿ ಬಂದ ಕ್ಲಿಪ್ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಯಾರ ಫೋನಿನಲ್ಲಿ ಸೆರೆಯಾಯಿತೋ ಆ ಮೂಲ ಫೈಲ್ ಬೇಕು. ಅದರ ಜೊತೆ, ಅದು ಯಾವ ಸಾಧನದಿಂದ ಬಂತು ಎಂದು ದೃಢಪಡಿಸುವ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರ ಬೇಕು. ಸಿಸಿಟಿವಿ ಆದರೆ ಇನ್ನೂ ಅವಸರ, ಎಷ್ಟೋ ಕಡೆ ಕೆಲವೇ ದಿನಗಳಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತದೆ. ಅದನ್ನು ಅಳಿಸಬೇಡಿ ಎಂದು ಸೊಸೈಟಿಗೆ ಅದೇ ದಿನ ಪತ್ರ ಕೊಡಬೇಕು.

ಇನ್ನು ಗಡುವು. 1960ರ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಅಪರಾಧ ನಡೆದು ಮೂರು ತಿಂಗಳಾದ ಮೇಲೆ ಆ ಕಾಯ್ದೆಯಡಿ ಕೇಸು ಹೂಡುವ ಹಾಗಿಲ್ಲ. ಮೂರೇ ತಿಂಗಳು! ಲ್ಯಾಬ್ ವರದಿ ಬರಲಿ ಅಂತ ಕಾದು ಕೂತರೆ ಕೆಟ್ಟಿತು. ನಾನು ನೋಡಿದ ಒಳ್ಳೊಳ್ಳೆಯ ಕೇಸುಗಳು ಹಳ್ಳ ಹಿಡಿದದ್ದು ಇಲ್ಲೇ. ವಿದ್ಯಾರ್ಥಿಗಳ ತಂಡವೊಂದು ಒಂದು ದಾಖಲೆ ಪುಸ್ತಕ ಇಟ್ಟು, ಪ್ರತಿ ದೂರಿನ ಮುಂದೆ ಆ ಕೊನೆಯ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟರೂ ದೊಡ್ಡ ಉಪಕಾರ.

ವಿದ್ಯಾರ್ಥಿ ಕೋರ್ಟಿನಲ್ಲಿ ವಾದಿಸುವಂತಿಲ್ಲ. 1961ರ ವಕೀಲರ ಕಾಯ್ದೆ ಆ ಹಕ್ಕನ್ನು ನೋಂದಾಯಿತ ವಕೀಲರಿಗೆ ಮಾತ್ರ ಕೊಟ್ಟಿದೆ. ಆದರೆ ದೂರು ಕೊಡಬಹುದು, ಸಾಕ್ಷಿಯಾಗಬಹುದು, ಕಾಲೇಜಿನ ಲೀಗಲ್ ಏಡ್ ಕ್ಲಿನಿಕ್ ಮೂಲಕ ದೂರು ಬರೆದುಕೊಡಬಹುದು, ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಈ ಕೊನೆಯದನ್ನು ಜನ ಕಡೆಗಣಿಸುತ್ತಾರೆ. 2001ರ ನಿಯಮದ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ಹಿಂಸೆ ತಡೆ ಸಂಘ ಇರಬೇಕು. ನಿಮ್ಮ ಜಿಲ್ಲೆಯಲ್ಲಿ ಇದೆಯೇ? ಅದರ ಸಭೆ ಕೊನೆಗೆ ಯಾವಾಗ ನಡೆಯಿತು? ನಡಾವಳಿಯ ಪ್ರತಿ ಕೊಡಿ ಎಂದು ಕೇಳಿ. ಉತ್ತರ ಬಂದರೆ ಅದು ದಾಖಲೆ, ಬಾರದಿದ್ದರೆ ಮೇಲ್ಮನವಿ ಹಾಕಿ. ಮುಂದೆ ಯಾರಾದರೂ ಪಿಐಎಲ್ ಹಾಕುವಾಗ ಇವೇ ಕಾಗದಗಳು ಬುನಾದಿ.

ದೊಡ್ಡ ಕೇಸುಗಳಲ್ಲೂ ಗೆದ್ದದ್ದು ಇಂಥ ಕಾಗದವೇ. ಮುಂಬೈನ ವಿಕ್ಟೋರಿಯಾ ಕುದುರೆಗಾಡಿಗಳ ಕೇಸು ನೋಡಿ. ಸುಮ್ನೆ ಮೋಜಿನ ಸವಾರಿಗೆ ಕುದುರೆಗಳನ್ನು ದುಡಿಸುವುದು ಕಾನೂನಿಗೆ ವಿರುದ್ಧ ಎಂದು 2015ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ನಿಲ್ಲಿಸಲು ಒಂದು ವರ್ಷ ಕೊಟ್ಟಿತು. ಗಾಡಿ ನಡೆಸಿ ಹೊಟ್ಟೆ ಹೊರೆಯುತ್ತಿದ್ದ ಕುಟುಂಬಗಳಿಗೆ ಪುನರ್ವಸತಿ ಯೋಜನೆ ಮಾಡಿ ಎಂದು ಸರ್ಕಾರಕ್ಕೆ ಹೇಳಿತು. ತೀರ್ಪಿನ ಆ ಕೊನೆಯ ಭಾಗ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಕುದುರೆಯ ಪರ ವಾದಿಸುವವರು ಗಾಡಿಯವನ ಮನೆ ಮಂದಿಯ ಲೆಕ್ಕವನ್ನೂ ಜೊತೆಗೆ ತರಬೇಕು.

ಕಂಬಳ ನೋಡಿ ಬೆಳೆದ ನಮಗೆ ಪುಣೆ ಜಿಲ್ಲೆಯ ಬೈಲ್‌ಗಾಡಾ ಶರ್ಯತ್ತು ಬೇಗ ಅರ್ಥವಾಗುತ್ತದೆ. ಎತ್ತಿನ ಗಾಡಿ ಓಟ, ಊರ ಜಾತ್ರೆ, ಮಾಲೀಕರ ಪ್ರತಿಷ್ಠೆ. ಕಾನೂನಿನಲ್ಲಿ ಎರಡೂ ಒಂದೇ ದಾರಿಯಲ್ಲಿ ಬಂದಿವೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ನಾಗರಾಜ ಪ್ರಕರಣದಲ್ಲಿ ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. 2017ರಲ್ಲಿ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಮೂರೂ ರಾಜ್ಯಗಳು ಇವಕ್ಕೆ ದಾರಿ ಬಿಡಲು 1960ರ ಕಾಯ್ದೆಗೆ ತಿದ್ದುಪಡಿ ಮಾಡಿದವು. 2021ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಓಟಗಳಿಗೆ ಷರತ್ತಿನ ಅನುಮತಿ ಸಿಕ್ಕಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಮೂರೂ ತಿದ್ದುಪಡಿಗಳನ್ನು ಎತ್ತಿ ಹಿಡಿಯಿತು. ಪ್ರಾಣಿಗಳಿಗೆ ಮೂಲಭೂತ ಹಕ್ಕು ಇದೆ ಎನ್ನಲು ಪೂರ್ವನಿದರ್ಶನ ಇಲ್ಲ ಎಂದಿತು. ಓಟ ಇರಬೇಕೋ ಬೇಡವೋ ಎನ್ನುವ ವಾದ ಸದ್ಯಕ್ಕೆ ಮುಗಿದಿದೆ. ಷರತ್ತು ಪಾಲನೆ ಆಗುತ್ತಿದೆಯೇ ಎನ್ನುವ ಪ್ರಶ್ನೆ ಮುಗಿದಿಲ್ಲ. ಮಹಾರಾಷ್ಟ್ರದ ತಿದ್ದುಪಡಿಯಲ್ಲಿ ಎತ್ತಿಗೆ ನೋವು ಮಾಡಿದರೆ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಮೂರು ವರ್ಷದವರೆಗೆ ಜೈಲು ಇದೆ. ಓಟಕ್ಕೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಆ ಅನುಮತಿ ಪತ್ರ ತರಿಸಿಕೊಂಡು, ಮೈದಾನದಲ್ಲಿ ನಿಂತು, ಷರತ್ತಿಗೂ ಕಣ್ಣ ಮುಂದೆ ನಡೆಯುತ್ತಿರುವುದಕ್ಕೂ ತಾಳೆ ಹಾಕುವವರು ಬೇಕು. ಹಳ್ಳಿಯವರನ್ನು ಹೀಯಾಳಿಸುವ ವಿದ್ಯಾರ್ಥಿಗೆ ಈ ಕೆಲಸ ಆಗದು. ಎತ್ತನ್ನು ಮನೆ ಮಗನ ಹಾಗೆ ನೋಡಿಕೊಳ್ಳುವ ರೈತರು ಅಲ್ಲಿ ಇದ್ದಾರೆ. ಚಾವಟಿ ಬೀಸುವವರ ಬಗ್ಗೆ ಮೊದಲು ಹೇಳುವವರೂ ಅವರೇ.

ಗೋವಾದ ಧೀರಿಯೋ, ಅಂದರೆ ಗೂಳಿ ಕಾಳಗ, ಬೇರೆ ಸ್ಥಿತಿಯಲ್ಲಿದೆ. 1996ರಲ್ಲೇ ಬಾಂಬೆ ಹೈಕೋರ್ಟಿನ ಗೋವಾ ಪೀಠ ಅದನ್ನು ನಿಷೇಧಿಸಿತು. ಆದರೂ ಸಾಲ್ಸೆಟ್ ಕಡೆಯ ಗದ್ದೆಗಳಲ್ಲಿ ಕದ್ದುಮುಚ್ಚಿ ನಡೆಯುವ ಸುದ್ದಿ ಬರುತ್ತಲೇ ಇರುತ್ತದೆ. ಮತ್ತೆ ಕಾನೂನುಬದ್ಧ ಮಾಡಿ ಎಂಬ ಬೇಡಿಕೆ 2025ರಲ್ಲೂ ವಿಧಾನಸಭೆಯಲ್ಲಿ ಎದ್ದಿತು. ನಡೆಸುವವರ ಮೇಲೆ ಮೇಲೆ ಹೇಳಿದ 'ಎನ್' ಉಪಖಂಡ ಹಾಕಬಹುದು, ಪೊಲೀಸರಿಗೆ ವಾರಂಟ್ ಬೇಡ.

ಇನ್ನು ಎಲ್ಲರ ಬಾಯಲ್ಲೂ ಇರುವುದು ಬೀದಿನಾಯಿ. ಮುಂಬೈಗೆ ಈ ಜಗಳ ಹೊಸದಲ್ಲ. 1832ರ ಜೂನ್‌ನಲ್ಲಿ ಬ್ರಿಟಿಷರು ನಾಯಿ ಕೊಲ್ಲಿಸಲು ಹೊರಟಾಗ ಪಾರ್ಸಿಗಳು ಬೀದಿಗಿಳಿದು ದೊಡ್ಡ ಗಲಾಟೆ ಆಗಿತ್ತು. ಈಗಿನ ಆಧಾರ 2023ರ ಸಂತಾನ ನಿಯಂತ್ರಣ ನಿಯಮಗಳು: ಹಿಡಿ, ಆಪರೇಷನ್ ಮಾಡು, ಲಸಿಕೆ ಹಾಕು, ಹಿಡಿದಲ್ಲೇ ಬಿಡು. ಊಟ ಹಾಕುವ ಜಾಗವನ್ನು ಮಕ್ಕಳು ಆಡುವ ಕಡೆಯಿಂದ, ಮೆಟ್ಟಿಲು ಬಾಗಿಲುಗಳಿಂದ ದೂರ ಗುರುತಿಸಬೇಕು ಎಂದು 20ನೇ ನಿಯಮ ಹೇಳುತ್ತದೆ. ಇದರ ಮೇಲೆ 2025ರಲ್ಲಿ ಸುಪ್ರೀಂ ಕೋರ್ಟ್ ಆದೇಶಗಳು ಬಂದವು. ಆಗಸ್ಟ್ 11ರಂದು ದೆಹಲಿ ಸುತ್ತಿನ ನಾಯಿಗಳನ್ನೆಲ್ಲ ಆಶ್ರಯಕ್ಕೆ ಹಾಕಿ ಎಂದಿತು. ಆಗಸ್ಟ್ 22ರಂದು ಮೂವರ ಪೀಠ ಅದನ್ನು ಬದಲಿಸಿತು. ರೇಬಿಸ್ ಇರುವ, ಮೈಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಲಸಿಕೆ ಹಾಕಿ ವಾಪಸ್ ಬಿಡಿ ಎಂದಿತು, ವಿಚಾರಣೆಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ನವೆಂಬರ್ 7ರಂದು ಶಾಲೆ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆಯಬೇಕು, ಅಲ್ಲಿಗೇ ಮತ್ತೆ ಬಿಡಬಾರದು ಎಂದಿತು. ಅಂದರೆ ನಿಮ್ಮ ಲಾ ಕಾಲೇಜಿನ ಕ್ಯಾಂಟೀನ್ ಹತ್ತಿರ ಮಲಗುವ ನಾಯಿಯೂ ಇದರಲ್ಲಿ ಬರುತ್ತದೆ. ಆದೇಶಗಳು ಹೀಗೆ ಬದಲಾಗುವಾಗ ಸುದ್ದಿಯ ತಲೆಬರಹ ನಂಬಿ ಪ್ರಾಂಶುಪಾಲರ ಜೊತೆ ವಾದಕ್ಕಿಳಿಯಬೇಡಿ. ಇತ್ತೀಚಿನ ಆದೇಶದ ಪೂರ್ತಿ ಪ್ರತಿ ತೆಗೆದು ಓದಿ.

ನಾಯಿ ಕಚ್ಚಿದ ಮಗುವಿನ ತಾಯಿಯೂ ನಿಮ್ಮ ಹತ್ತಿರ ಬರುತ್ತಾಳೆ. ಅವಳ ಮಾತನ್ನು ಮೊದಲು ಕೇಳಿ. ಗಾಯವನ್ನು ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆಯಿರಿ, ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿ ಎಂದು ಹೇಳಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವುದು ಹೆಚ್ಚುಕಡಿಮೆ ಅಸಾಧ್ಯ. ಆಮೇಲೆ ಪಾಲಿಕೆಯನ್ನು ಕೇಳಿ, ಈ ವಾರ್ಡಿನಲ್ಲಿ ಎಷ್ಟು ನಾಯಿಗಳಿಗೆ ಆಪರೇಷನ್ ಆಗಿದೆ, ಲಸಿಕೆ ಯಾವಾಗ ಹಾಕಿದ್ದೀರಿ ಎಂದು. ಆ ತಾಯಿಗೂ ನಾಯಿಗೂ ಅನ್ಯಾಯ ಆಗಿರುವುದು ಸಾಮಾನ್ಯವಾಗಿ ಅದೇ ಕಡತದಲ್ಲಿ. ಗೋವಾದಲ್ಲಿ ವರ್ಷಗಟ್ಟಲೆ ಬಿಡದೆ ನಾಯಿಗಳಿಗೆ ಲಸಿಕೆ ಹಾಕಿ 2021ರಲ್ಲಿ ರಾಜ್ಯವನ್ನು ರೇಬಿಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಿದರು. ಮನಸ್ಸು ಮಾಡಿದರೆ ಆಗುತ್ತದೆ ಅಂತ ತೋರಿಸಲು ಬೇರೆ ಉದಾಹರಣೆ ಬೇಕಿಲ್ಲ.

ಹೊಟ್ಟೆಪಾಡಿನ ಪ್ರಶ್ನೆ ಮನೆಯವರು ಕೇಳಿಯೇ ಕೇಳುತ್ತಾರೆ. ಬರೀ ಪ್ರಾಣಿ ಕೇಸುಗಳಿಂದ ಮನೆ ನಡೆಸುವ ವಕೀಲರು ಬಹಳ ಕಡಿಮೆ. ಕ್ರಿಮಿನಲ್, ಪಾಲಿಕೆ, ಪರಿಸರ ಕಾನೂನಿನ ಜೊತೆ ಇದನ್ನು ಸೇರಿಸಿಕೊಂಡವರೇ ಜಾಸ್ತಿ. ಹೆಚ್ಚು ಓದುವವರಿಗೆ ಹೈದರಾಬಾದಿನ ನಲ್ಸಾರ್‌ನಲ್ಲಿ ಪ್ರಾಣಿ ಕಾನೂನು ಕೇಂದ್ರ ಇದೆ. ಬಾರ್ ಕೌನ್ಸಿಲ್ ನಿಯಮದಂತೆ ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಆಗಲೇಬೇಕು. ಅದರಲ್ಲಿ ಸ್ವಲ್ಪ ದಿನವನ್ನಾದರೂ ಮ್ಯಾಜಿಸ್ಟ್ರೇಟ್ ಕೋರ್ಟಿನ ಕ್ರಿಮಿನಲ್ ವಕೀಲರೊಬ್ಬರ ಕೈಕೆಳಗೆ ಕಳೆಯಿರಿ. ಮುಂಬೈನಲ್ಲಿದ್ದರೆ ಪರೇಲ್‌ನ ಬಾಯಿ ಸಕರ್‌ಬಾಯಿ ಪ್ರಾಣಿ ಆಸ್ಪತ್ರೆಯಂಥ ಕಡೆ ಹೋಗಿ, ಪಶುವೈದ್ಯರೊಬ್ಬರ ಅನುಮತಿ ಕೇಳಿ ಪಕ್ಕದಲ್ಲಿ ಕೂತು ಪೋಸ್ಟ್‌ಮಾರ್ಟಂ ವರದಿ ಓದಲು ಕಲಿಯಿರಿ. ಸಾವಿನ ಕಾರಣದ ಕಾಲಂನಲ್ಲಿ ವೈದ್ಯರು ಬರೆಯುವ ಒಂದು ಸಾಲಿನ ಮೇಲೆ 325 ನಿಲ್ಲುತ್ತದೋ ಬೀಳುತ್ತದೋ ಎನ್ನುವುದು ಎಷ್ಟೋ ಸಲ ತೀರ್ಮಾನವಾಗುತ್ತದೆ. ಆ ಸಾಲು ಅಸ್ಪಷ್ಟವಾಗಿದ್ದರೆ ಸ್ಪಷ್ಟನೆ ಕೇಳಿ ಪತ್ರ ಕೊಡುವಂತೆ ತನಿಖಾಧಿಕಾರಿಗೆ ಅದೇ ವಾರ ಹೇಳಬೇಕು.